ಟ್ರಕ್ಕಿಗೆ ಹೊಲಿದ ಮೋಟದ ಸೊಂಡಿ

ನಮ್ಮ ಮನೆತನದ ಗಂಡಸರಿಗೆ ಕೈಯಿಂದ ಮಾಡಲು ಬರುತ್ತಿದ್ದ ಕೆಲಸ ಎರಡೇ. ಜೋಳದ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ ಎಸೆದುಕೊಳ್ಳುವುದು, ಆಮೇಲೆ ಮಾಲು ಚೆನ್ನಾಗಿಲ್ಲ ಎಂಬಂತೆ ಮುಖ ಹುಳ್ಳಗೆ ಮಾಡುವುದು. ಅಕ್ಕಲಕೋಟೆಯ ಅಡತಿ ಅಂಗಡಿಯಲ್ಲಿ, ಅಂದರೆ ಕಾಳಿನ ದಲಾಲಿಯಲ್ಲಿ, ಮೂರು ತಲೆಮಾರು ಇಷ್ಟರಲ್ಲೇ ಬದುಕಿತು. ನಾಲ್ಕನೆಯವನಾದ ನನಗೆ ಅದೂ ಬರುತ್ತಿರಲಿಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷವನ್ನು ಎರಡು ಸಲ ಓದಿ, ಎರಡು ಸಲವೂ ಅದು ನನ್ನನ್ನು ಒಲ್ಲೆ ಅಂದ ಮೇಲೆ, ಚಪಳಗಾಂವದ ಮನೆಗೆ ಬಂದು ಕೂತಿದ್ದೆ. ನನಗಿದ್ದ ವಿದ್ಯೆ ಒಂದೇ. ಯಾರನ್ನಾದರೂ ಎರಡು ನಿಮಿಷ ನೋಡಿದರೆ ಸಾಕು, ಅವರ ನಡಿಗೆ, ಕೆಮ್ಮು, ಮೂಗು ತಿಕ್ಕುವ ರೀತಿ ಎಲ್ಲವನ್ನೂ ಅವರ ಬೆನ್ನ ಹಿಂದೆ ಮಾಡಿ ತೋರಿಸುತ್ತಿದ್ದೆ. ಮನೆಯವರು ನಕ್ಕು ಊಟ ಹಾಕುತ್ತಿದ್ದರು.

ಇಂಥ ಮನೆಗೆ ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ಟ್ರಕ್ಕು ತಂದ. ಮಿಲಿಟರಿಯವರು ಸಾಕಾಗಿ ಹರಾಜಿನಲ್ಲಿ ಬಿಟ್ಟದ್ದು. ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಮ್ಮೂರಿನಲ್ಲಿ ಸೈಕಲ್ಲಿಗೂ ಪೂಜೆ ಮಾಡುತ್ತಿದ್ದರು. ಈ ಟ್ರಕ್ಕಿನ ಹೆಚ್ಚುಗಾರಿಕೆ ಏನೆಂದರೆ, ಎಂಜಿನ್ನು ಹಿಂದಿನ ಗಾಲಿಗಳ ಜೊತೆ ಮುಂದಿನವನ್ನೂ ತಿರುಗಿಸುತ್ತಿತ್ತು. ಮಳೆಗಾಲದಲ್ಲಿ ಎಮ್ಮೆಯನ್ನೂ ಹಿಡಿದು ನಿಲ್ಲಿಸುವ ನಮ್ಮ ಎರೆಮಣ್ಣಿನಲ್ಲಿ ಇದು ಕುದುರೆಯ ಹಾಗೆ ಹೋಗುತ್ತದೆಂದು ಕಾಕಾ ಕುರನೂರಿನವರೆಗೆ ಸಾರಿ ಬಂದ.

"ಯುದ್ಧಾ ಮಾಡಿ ಬಂದದ್ದು ಐತಿ ಇದು," ಅನ್ನುತ್ತಿದ್ದ.

"ಗೆದ್ದ ಬಂದೈತೋ ಓಡಿ ಬಂದೈತೋ ಕಾಕಾ?" ಎಂದು ನಾನು ಕೇಳಿದೆ. ಕಾಕಾ ಎರಡು ದಿನ ನನ್ನನ್ನು ಟ್ರಕ್ಕು ಹತ್ತಗೊಡಲಿಲ್ಲ.

ಆ ವರ್ಷ ಕಾಕಿ ಹೆರಿಗೆಗೆಂದು ತವರಿಗೆ, ವಾಗದರಿಗೆ, ಹೋಗಿದ್ದಳು. ಕೂಸಿಗೆ ಐದು ತಿಂಗಳು ತುಂಬಿತ್ತು. ಕರೆತರಲು ಮುಂದಿನ ಸೋಮವಾರ ಒಳ್ಳೆಯದೆಂದು ಅಯ್ಯನವರು ಪಂಚಾಂಗ ನೋಡಿ ಹೇಳಿದ್ದರು. ಅದಕ್ಕೆ ಒಂಬತ್ತು ದಿನ ಮೊದಲು ಆಕೆಯ ಕಾಗದ ಬಂತು. ಕಾಕಾ ಹೊಲದಲ್ಲಿದ್ದ. ಕಾಕಿ ಕಲಿತದ್ದು ಮರಾಠಿ ಶಾಲೆಯಲ್ಲಿ, ಬರೆದದ್ದು ಮರಾಠಿಯಲ್ಲಿ. ನಾನು ಅದನ್ನು ಒಡೆದು ಅಡುಗೆಮನೆಯಲ್ಲಿ ನಿಂತು ಕನ್ನಡಕ್ಕೆ ತಿರುಗಿಸಿ, ಆಕೆಯ ದನಿಯಲ್ಲೇ ಓದಿದೆ.

"ನಿಮ್ಮ ಟ್ರಕ್ಕು ನಮ್ಮೂರ ಹಳ್ಳ ದಾಟೂದಿಲ್ಲ ಅಂತ ನಮ್ಮ ಅಣ್ಣದೇರು ನಗಾಕತ್ತ್ಯಾರ. ಎಳ್ಯಾಕ ಎರಡ ಜೋಡಿ ಎತ್ತು ತಯಾರ ಇಡ್ತಾರಂತ. ದಾಟತೈತಿ ಅಂತ ನಾ ಮಾತು ಕೊಟ್ಟೀನಿ. ಎತ್ತು ಹೂಡೂ ಪಾಳಿ ಬಂತಂದ್ರ ನಾ ಸಾಯೂತನಾ ಪ್ರತಿ ಪಂಚಮಿಗಿ ಇದನ್ನ ಕೇಳ್ಬೇಕಾಗ್ತೈತಿ."

ನಗಿಸಲೆಂದು ಓದಿದೆ. ಅವ್ವ ನಗಲಿಲ್ಲ. ನಾಗರಪಂಚಮಿಗೆ ತವರಿಗೆ ಹೋಗಿ ಬರುವವರಿಗೆ ಆ ಮಾತಿನ ತೂಕ ಗೊತ್ತಿರುತ್ತದೆ.

ಅಂದೇ ಸಂಜೆ ಕಾಕಾ ನೋಡಿದ: ಟ್ರಕ್ಕಿನ ಎಡಗಡೆಯ ಮುಂದಿನ ಗಾಲಿಯ ಒಳಭಾಗಕ್ಕೆಲ್ಲ ಗ್ರೀಸು ಸಿಡಿದಿತ್ತು. ಅಲ್ಲಿ ಆಕ್ಸಲ್ಲಿಗೆ ಒಂದು ಕೀಲು ಇರುತ್ತದೆ, ಗಾಲಿ ಅತ್ತಿತ್ತ ಹೊರಳುತ್ತಲೇ ಉರುಳಲೆಂದು. ಕೀಲಿನೊಳಗೆ ಉಕ್ಕಿನ ಗುಂಡುಗಳು, ಗುಂಡುಗಳಿಗೆ ಗ್ರೀಸು, ಎಲ್ಲವನ್ನೂ ಮುಚ್ಚಿಕೊಂಡು ನೆರಿಗೆ ನೆರಿಗೆಯ ಒಂದು ರಬ್ಬರ್ ಚೀಲ. ಮೆಕ್ಯಾನಿಕರು ಬೂಟು ಅನ್ನುತ್ತಾರೆ. ಅದು ಹರಿದು ಬಾಯಿ ಬಿಟ್ಟಿತ್ತು.

ಮರುದಿನ ಮೆಲ್ಲಗೆ ಸೊಲ್ಲಾಪುರಕ್ಕೆ ಒಯ್ದೆವು. ಗ್ಯಾರೇಜಿನ ಮಿಸ್ತ್ರಿ ಕೆಳಗೆ ತೂರಿ, ಹೊರಗೆ ಬಂದು, ಬೀಡಿ ಹಚ್ಚಿದ. "ಸೇಠ್, ಇಸಕೂ ಮ್ಯೂಜಿಯಂ ಮೇ ರಖ್ಖೊ," ಅಂದ. ಈ ಚೀಲ ಪುಣೆಯ ಹಳೇ ಸಾಮಾನಿನ ಪೇಟೆಯಲ್ಲಿ ಸಿಕ್ಕರೆ ಸಿಕ್ಕೀತು. ಗಾಲಿಯನ್ನೆಲ್ಲ ಬಿಚ್ಚಿ ಹಾಕಲು ಹದಿನೈದು ದಿನ ಬೇಕು. ಹೀಗೇ ಕೆಸರಿಗೆ ಇಳಿಸಿದರೆ ಮಣ್ಣು ಒಳಹೊಕ್ಕು ಗುಂಡುಗಳನ್ನು ಬೀಸಿ ಹಿಟ್ಟು ಮಾಡುತ್ತದೆ. ಬೇಡವೆಂದರೆ ಮುಂದಿನ ಗಾಲಿಗೆ ಹೋಗುವ ಬಲ ಬಿಚ್ಚಿಟ್ಟು, ಬರೀ ಹಿಂದಿನ ಗಾಲಿಯ ಮೇಲೆ ಓಡಿಸಬಹುದು. ಅಂದರೆ ವಾಗದರಿಯ ಎತ್ತುಗಳಿಗೆ ಕೆಲಸ ಸಿಕ್ಕಂತೆಯೇ.

"ಕಾಯ್ ಹರಕತ್ ನಾಹಿ," ಏನೂ ಅಡ್ಡಿಯಿಲ್ಲ, ಅಂದ ಕಾಕಾ, ತನ್ನ ಮರಾಠಿ ಗತ್ತಿನಲ್ಲಿ. "ನಾ ಮನ್ಯಾಗ ಮಾಡ್ತೀನಿ."

ಮಿಸ್ತ್ರಿ ಕಾಕಾನ ಕೈ ನೋಡಿದ. ಮೂರು ಉಂಗುರ, ದುಡಿಮೆಯ ಒಂದು ಗೀರೂ ಇಲ್ಲ. "ಯೇ ಹಾಥಾಂ ಸೇ?" ಈ ಕೈಗಳಿಂದಲೇ, ಅಂದ. ದಾರಿಯುದ್ದಕ್ಕೂ ಅದನ್ನು ಮಿಸ್ತ್ರಿಯ ದನಿಯಲ್ಲಿ ಹೇಳಿ ಹೇಳಿ ಕಾಕಾನ ತಲೆ ತಿಂದೆ.

ಅಂಗಳದಲ್ಲಿ ಟ್ರಕ್ಕಿನ ಮೂಗು ಎತ್ತಿ, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಗಾಲಿ ಬಿಚ್ಚುವ ಹತ್ಯಾರು ನಮ್ಮಲ್ಲಿ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ಕಾಕಾ ಮೊದಲು ಕೀಲಿಗೆ ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಅದ್ದಿದ ಹತ್ತಿ ತುರುಕಿದ, ಎತ್ತಿನ ಬಂಡಿಯ ಅಚ್ಚಿಗೆ ತುರುಕಿದ ಹಾಗೆ. "ಗಾಲಿ ಅಂದ್ರ ಗಾಲಿ. ಬಂಡಿಗಿ ಒಂದು ಟ್ರಕ್ಕಿಗಿ ಒಂದು ಇರತೈತೇನು?" ಆಮೇಲೆ ಲಾರಿಯ ಹಳೇ ಟ್ಯೂಬು ಕತ್ತರಿಸಿ, ಕೀಲಿನ ಸುತ್ತ ಬಿಗಿಯಾಗಿ ಸುತ್ತಿ, ದಬ್ಬಣ ಸುತಳಿ ತಂದು ಹೊಲಿದ. ಜೋಳದ ಚೀಲದ ಬಾಯಿ ಹೊಲಿಯುವುದು ಹೇಗೋ ಹಾಗೇ, ಎರಡು ಮೂಲೆಗೆ ಕಿವಿ ಬಿಟ್ಟು. ಅಡತಿ ಮನೆತನದ ಗುರುತು ಎಲ್ಲಿ ಹೋದರೂ ಅಳಿಯುವುದಿಲ್ಲ.

ಕೆಳಗಿಳಿಸಿ, ಬೇವಿನ ಮರಕ್ಕೆ ಒಂದು ಸುತ್ತು ಹಾಕುವಾಗ ಪಟ್ಟೆಂದು ಹರಿಯಿತು. ಮತ್ತೆ ಹೊಲಿದ, ಮತ್ತೆ ಹರಿಯಿತು. ಮೂರನೆಯದು ನನ್ನ ಉಪಾಯ. ಕಾಳಿನ ರಾಶಿಗೆ ಹೊದಿಸುವ ತಾಡಪತ್ರಿಯನ್ನು ಎರಡು ಪದರ ಮಾಡಬೇಕೆಂದು, ನನ್ನನ್ನು ನಪಾಸು ಮಾಡಿದ ಪ್ರೊಫೆಸರರ ದನಿಯಲ್ಲೇ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅದು ಬೇವಿನ ಮರದವರೆಗೂ ಬರಲಿಲ್ಲ. ಎಣ್ಣೆಯ ಹತ್ತಿ ಅಂಗಳದ ತುಂಬ ಚೆಲ್ಲಿತು; ನಮ್ಮ ನಾಯಿ ಮಾತ್ರ ಅದನ್ನು ನೆಕ್ಕಿ, ಆ ಸಂಶೋಧನೆಯ ಲಾಭ ಪಡೆದು ರಾತ್ರಿಯೆಲ್ಲ ಪಡಬಾರದ ಪಾಡು ಪಟ್ಟಿತು.

ಮೂರು ದಿನ ಹೀಗೆ ಹೋದವು. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಮೋಟ ಹೊಲಿಯೂ ಮುತ್ಯಾನ್ನ ಕರೀರಿ."

ಕಾಕಾ ನನ್ನ ಮುಖ ನೋಡಿದ. ನಾನು ರೊಟ್ಟಿ ನೋಡಿದೆ.

ಮೋಟ ಎಂದರೆ ಎತ್ತುಗಳಿಂದ ಬಾವಿಯ ನೀರೆಳೆಸುವ ದೊಡ್ಡ ತೊಗಲಿನ ಚೀಲ. ಅದರ ಬುಡಕ್ಕೆ ನೀರು ಸುರಿಯಲು ಉದ್ದನೆಯ ತೊಗಲಿನ ಸೊಂಡಿ. ನಮ್ಮ ಬಾವಿಗೆ ಆ ಮುದುಕನ ಅಪ್ಪನೂ ಹೊಲಿದವನು, ಇವನೂ ಹೊಲಿದವನು. ಮೂರು ವರ್ಷದ ಹಿಂದೆ ಕಾಕಾ ಬಾವಿಗೆ ನೀರೆತ್ತುವ ಎಂಜಿನ್ ಕೂಡಿಸಿದ ದಿನವೇ ಅವನು ಆ ವರ್ಷದ ಹೊಸ ಮೋಟ ಹೊತ್ತು ಬಂದ. ಯಾರೂ ಅವನಿಗೆ ಬೇಡವೆಂದು ಹೇಳಿಯೇ ಇರಲಿಲ್ಲ. "ಇನ್ನ ಯಾತಕ್ಕೋ ಇದು? ಹೊರಗಿನ ದನದ ಕೊಟಿಗ್ಯಾಗ ತೂಗ ಹಾಕು," ಅಂದ ಕಾಕಾ. ಮುದುಕ ಅತ್ತ ಹೋಗುತ್ತಲೇ ನಾನು, ಎಂಜಿನ್ನಿನ ಪೂಜೆಗೆಂದು ಅಂಗಳಕ್ಕೆ ಬಂದ ಮಂದಿಯೆದುರು, ಅವನ ಹಾಗೆ ಬೆನ್ನು ಬಗ್ಗಿಸಿ ಕುಂಟುತ್ತ, ಹಲ್ಲಿನಿಂದ ದಾರ ಎಳೆಯುತ್ತ ಒಂದು ಸುತ್ತು ಹಾಕಿದೆ. ಮಂದಿ ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ಅವನು ಬಾಗಿಲ ಹೊರಗೆ ನಿಂತು ಕೊನೆಯವರೆಗೂ ನೋಡುತ್ತಿದ್ದ. ಪೇಢೆ ತೆಗೆದುಕೊಳ್ಳದೆ ಹೋದ.

ಕರೆಯಲು ನಾನೇ ಹೋಗಬೇಕಾಯಿತು. ಮುದುಕ ತನ್ನ ಅಂಗಳದಲ್ಲಿ ಚಪ್ಪಲಿ ಹೊಲಿಯುತ್ತ ಕೂತಿದ್ದ.

"ಮುತ್ಯಾ, ಕಾಕಾ ಕರದಾನ."

"ಯಾಕ್ರಿ ಸಣ್ಣ ಸಾವ್ಕಾರ್ರ, ಎಂಜಿನ್ನು ನೀರು ಎತ್ತೂದು ಬಿಟ್ಟು ತಾನ ಕುಡ್ಯಾಕತ್ತೈತೇನು?"

ಎಲ್ಲ ಹೇಳಿದೆ: ಕಾಕಿಯ ಮಾತು, ಎರಡು ಜೋಡಿ ಎತ್ತು, ಸೋಮವಾರ. ಅವನು ದಾರಕ್ಕೆ ಮೇಣ ತಿಕ್ಕುತ್ತ ಕೇಳಿದ.

"ಬರ್ತೀನಿ. ಅದಕ್ಕ ಮೊದ್ಲ ನನ್ನ ನಡಿಗಿ ಒಂದೀಟು ಮಾಡಿ ತೋರಸ್ರಿ. ಅವತ್ತ ಮಂದಿ ಅಡ್ಡ ಇದ್ರು, ನೆಟ್ಟಗ ಕಾಣಲಿಲ್ಲ."

ಅವನ ಹೆಂಡತಿ, ಸೊಸೆ ಬಾಗಿಲಿಗೆ ಬಂದು ನಿಂತರು. ನೂರು ಮಂದಿಯೆದುರು ಮಾಡಿದವನು ನಾನು. ಈ ಮೂರು ಮಂದಿಯೆದುರು ಅಂಗಿಯೆಲ್ಲ ಬೆವರಿನಿಂದ ತೊಯ್ದಿತು. ಆ ಗೋಡೆಯಿಂದ ಈ ಗೋಡೆಯವರೆಗೆ ಕುಂಟಿ ಬಂದೆ.

"ತಪ್ಪೈತಿ," ಅಂದ ಮುದುಕ. "ನಂದು ಕುಂಟೂದು ಎಡಗಾಲು. ನೀವು ಬಲಗಾಲು ಎಳೀತೀರಿ. ಮೂರ ವರ್ಷಾತು, ಹೇಳಬೇಕಂತ ಮಾಡಿದ್ದೆ." ಆಮೇಲೆ ಹತ್ಯಾರಿನ ಚೀಲ ಹೆಗಲಿಗೇರಿಸಿ ಎದ್ದ.

ಅವನ ಮನೆತನದವರು ನಮ್ಮ ಅಂಗಳದ ಹೊಸ್ತಿಲು ದಾಟಿದವರಲ್ಲ. ಅದಕ್ಕೆಂದು ಟ್ರಕ್ಕನ್ನೇ ಬಾಗಿಲ ಹೊರಗೆ ತಳ್ಳಿಬಿಡೋಣವೇ ಎಂದು ಕಾಕಾ ನನ್ನ ಕಿವಿಯಲ್ಲಿ ಕೇಳಿದ. ಅದು ಮತ್ತೆ ಕಲ್ಲಿನ ಮೇಲೆ ಕೂತಿತ್ತು. ಕಲ್ಲು ತೆಗೆಯಲು ಮತ್ತೊಂದು ದಿನ ಬೇಕು. ಮುದುಕ ಒಳಗೆ ಬಂದ. ಕಾಕಾ ಆಕಾಶ ನೋಡಿದ, ಅದು ಇದ್ದಲ್ಲೇ ಇತ್ತು.

ಮುದುಕ ಕೀಲಿನ ಹತ್ತಿಯನ್ನೆಲ್ಲ ಕಿತ್ತೆಸೆದ. "ಇದಕ್ಕೇನ ನಗಡಿ ಆಗಿತ್ತೇನ್ರಿ?" ಸೀಮೆಎಣ್ಣೆಯಿಂದ ತೊಳೆಸಿದ. ಆಮೇಲೆ ನನ್ನನ್ನು ಸ್ಟೇರಿಂಗಿಗೆ ಕೂಡಿಸಿ, "ತಿರುಗಸ್ರಿ," ಅಂದ.

"ನೆಟ್ಟಗ ಇದ್ದಾಗ ಅಳತಿ ತಗೊಂಡ್ರ ಸಾಕಲ್ಲೋ," ಅಂದ ಕಾಕಾ.

"ಹಂಗ ತಗೊಂಡಾವ್ರು ಮೂರು ಹರದೀರಿ. ಎತ್ತು ಹಿಂದ ಬರೂವಾಗಿನ ಸೊಂಡಿ ಬ್ಯಾರೆ, ಮುಂದ ಹೋಗೂವಾಗಿನ ಸೊಂಡಿ ಬ್ಯಾರೆ. ತಿರುಗಸ್ರಿ."

ಗಾಲಿ ಪೂರಾ ಎಡಕ್ಕೆ ಹೊರಳಿದಾಗ ದಾರ ಹಿಡಿದು ಒಂದು ಗಂಟು, ಪೂರಾ ಬಲಕ್ಕೆ ಹೊರಳಿದಾಗ ಇನ್ನೊಂದು ಗಂಟು. ಎರಡು ಗಂಟಿನ ನಡುವೆ ಒಂದು ಗೇಣಿನ ಫರಕಿತ್ತು. ಅಡತಿ ಮನೆತನಕ್ಕೆ ಮೂರು ದಿನದಲ್ಲಿ ಕಾಣದ ಗೇಣು.

ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಮೋಟ ಇಳಿಸಿದ. ಒಂದು ಹನಿ ನೀರೂ ಕಾಣದ್ದು, ಒಣಗಿ ಹಪ್ಪಳವಾಗಿತ್ತು. ಅದರ ಸೊಂಡಿ ಕತ್ತರಿಸಿ, ಕಾಕಾನ ಔಡಲೆಣ್ಣೆಯಲ್ಲಿ ಎರಡು ದಿನ ನೆನೆಸಿ, ಕಾಲಿನಿಂದ ತುಳಿದು ಮೆತ್ತಗೆ ಮಾಡಿ, ಆ ಗೇಣಿಗೆ ಬೇಕಾದಷ್ಟು ನೆರಿಗೆ ಹಿಡಿದ. ಮೂರನೆಯ ದಿನ ಅಂಗಾತ ಮಲಗಿ ಕೀಲಿಗೆ ಗ್ರೀಸು ತುಂಬಿ, ತೊಗಲು ಸುತ್ತಿ, ಅಲ್ಲಿಯೇ ಹೊಲಿಯತೊಡಗಿದ. ಕೆಸರು ಎದುರಿನಿಂದ ಬಡಿಯುತ್ತದೆಂದು ಹೊಲಿಗೆಯನ್ನು ಹಿಂದಕ್ಕೆ ಇಟ್ಟ.

"ಆರಿ ಕೊಡ್ರಿ," ಎಂದು ಕೈ ಚಾಚಿದ. ಕಾಕಾ ತೂತು ಹಾಕುವ ಆ ಆರಿಯನ್ನು ನೆಲಕ್ಕಿಟ್ಟು ಕಟ್ಟಿಗೆಯಿಂದ ಮುಂದಕ್ಕೆ ಸರಿಸಿದ.

"ಮಣ್ಣ ಹತ್ತತೈತ್ರಿ. ಮಣ್ಣು ಒಳಗ ಹೋತಂದ್ರ ಎತ್ತಿಗಿ ಕೆಲಸ. ಕೈಯಾಗ ಕೊಡ್ರಿ."

ಕಾಕಾ ಕಟ್ಟೆಯ ಕಡೆ ನೋಡಿದ. ಅವ್ವ ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. "ಕೊಡ್ರಿ ಅಂದ್ರ," ಅಂದಳು. ಕಾಕಾ ಆರಿಯನ್ನು ಒರೆಸಿ ಕೈಗೆ ಕೊಟ್ಟ. ಆಮೇಲೆ ದಾರ, ಮೇಣ, ಚಾಕು. ನಾಲ್ಕನೆಯ ಸಲಕ್ಕೆ ಕಾಕಾ ಮುಖ ಹುಳ್ಳಗೆ ಮಾಡುವುದನ್ನೂ ಮರೆತ.

ಸೋಮವಾರ ವಾಗದರಿಯ ಹಳ್ಳದ ಆಚೆ ದಂಡೆಯಲ್ಲಿ ಕಾಕಿಯ ಅಣ್ಣಂದಿರು ಹಗ್ಗ, ನೊಗ, ಎರಡು ಜೋಡಿ ಎತ್ತುಗಳೊಂದಿಗೆ ನಿಂತಿದ್ದರು. ಎತ್ತುಗಳ ಕೊಂಬಿಗೆ ಬಣ್ಣ ಬೇರೆ. ಹಿಂದೆ ಕಾಕಿ, ಕೂಸನ್ನು ಎದೆಗವುಚಿಕೊಂಡು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡಿದ್ದ ಕಾಕಾ ಟ್ರಕ್ಕನ್ನು ಹಳ್ಳಕ್ಕೆ ಇಳಿಸಿದ. ಗಾಲಿಗಳು ಅರ್ಧ ಮುಳುಗಿದವು, ಹಿಂದಿನವು ಇದ್ದಲ್ಲೇ ತಿರುಗಿದವು. ಮುಂದಿನವು ಮಣ್ಣು ಕಚ್ಚಿ, ಹೊರಳಿ, ಎಳೆದು ಆಚೆ ಹಾಕಿದವು. ಎತ್ತುಗಳು ಒಂದು ಹೆಜ್ಜೆ ಹಿಂದೆ ಸರಿದವು. ಕಾಕಿ ಎತ್ತುಗಳ ಮುಂದೆ ಹಾದು ಬಂದು ಟ್ರಕ್ಕು ಹತ್ತಿ ಕೂತಳು, ಅಷ್ಟೇ.

ಒಬ್ಬ ಅಣ್ಣ ಬಗ್ಗಿ ಕೆಳಗೆ ನೋಡಿ ಭಾವನನ್ನು ಕೇಳಿದ. "ದಾಜಿ, ಇದೇನ ಹೊಸಾದು?"

"ಮಿಲಿಟರಿ ಮಾಲು," ಅಂದ ನಮ್ಮ ಕಾಕಾ. "ಪುಣೆದಿಂದ ತರಿಸೀನಿ."

ಕಾಕಿಯೂ ಹತ್ತುವ ಮೊದಲು ನೋಡಿದ್ದಳು. ಟ್ರಕ್ಕು ಅಕ್ಕಲಕೋಟೆ ದಾಟಿತು. ಆಮೇಲೆ, "ಪುಣೆದಾಗ ಯಾವ ಬಾವಿಗಿ ಮೋಟ ಹೊಡೀತಾರ್ರಿ?" ಅಂದಳು. ನಾನು ಕಾಕಾನ ದನಿಯಲ್ಲಿ "ಮಿಲಿಟರಿ ಮಾಲು" ಅಂದೆ. ಕಾಕಿ ಎಷ್ಟು ನಕ್ಕಳೆಂದರೆ ಕೂಸು ಎದ್ದಿತು.

ಊರ ಬಾಗಿಲಿಗೆ ಬಂದಾಗ, "ಮೊದ್ಲ ಮುತ್ಯಾನ ಮನಿಗಿ," ಅಂದಳು.

"ಕೂಸಿನ ಆರತಿ ಆಗಬೇಕಲ್ಲ. ಅತ್ತಿಗಿ ಕಾಯಾಕತ್ತ್ಯಾರ," ಅಂದ ಕಾಕಾ.

"ಕಾಯ್ಲಿ. ಉಳದದ್ದು ನನ್ನ ಪಂಚಮಿ, ನಿಮ್ದಲ್ಲ. ತಿರುಗಸ್ರಿ."

ಮುದುಕ ಹೊರಗೆ ಬಂದ. ಕೂಸಿನತ್ತ ನೋಡಲಿಲ್ಲ, ನಮ್ಮತ್ತಲೂ ಇಲ್ಲ. ನೇರ ಟ್ರಕ್ಕಿನ ಕೆಳಗೆ ಮಲಗಿದ. "ತಿರುಗಸ್ರಿ," ಅಂದ. ಕಾಕಾ ಕೂಸನ್ನೆತ್ತಿಕೊಂಡು ಬಿಸಿಲಲ್ಲಿ ನಿಂತ. ನಾನು ಸ್ಟೇರಿಂಗು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದೆ. ಅವನು ಹೊಲಿಗೆಯನ್ನು ಬೆರಳಿನಿಂದ ಒತ್ತಿ, ಬೆರಳು ಮೂಸಿ, ಹೊರಬಂದ.

"ಹಳ್ಳ?" ಅಂದ.

"ದಾಟ್ತು ಮುತ್ಯಾ. ಎತ್ತು ಹಂಗ ನಿಂತಿದ್ದೂ," ಅಂದಳು ಕಾಕಿ.

ಅವನು ತಲೆದೂಗಿದ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಬೆನ್ನು ಇನ್ನಷ್ಟು ಬಗ್ಗಿಸಿ, ಹಲ್ಲಿನಿಂದ ಇಲ್ಲದ ದಾರ ಎಳೆಯುತ್ತ, ಎಡಗಾಲು ಬಿಟ್ಟು ಬಲಗಾಲು ಕುಂಟುತ್ತ ಮನೆಯೊಳಗೆ ನಡೆದ. ಬಾಗಿಲಲ್ಲಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು.