ಉಣ್ಣೆಯ ಒಳಂಗಿಯೂ ಅತ್ತೆಯ ಮಡಿಯೂ

ಬೆವರುವುದರಲ್ಲಿ ನನ್ನನ್ನು ಮೀರಿಸುವವರು ಹೊನ್ನಾವರ ತಾಲೂಕಿನಲ್ಲಿ ಹೆಚ್ಚು ಜನ ಇರಲಾರರು. ಊಟಕ್ಕೆ ಕೂತರೆ ಬೆವರುತ್ತೇನೆ, ಉಂಡ ದಣಿವಿಗೆ ಮತ್ತೊಮ್ಮೆ ಬೆವರುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ ಬೋರ್ಡಿನ ಮೇಲಿನ ಲೆಕ್ಕ ಮುಗಿಯುವುದರೊಳಗೆ ನನ್ನ ಬೆನ್ನ ಮೇಲೊಂದು ಭೂಪಟ ಮೂಡಿರುತ್ತಿತ್ತು. ಅದು ಯಾವ ದೇಶದ್ದೆಂದು ಹಿಂದಿನ ಬೆಂಚಿನಲ್ಲಿ ಚರ್ಚೆ ನಡೆಯುತ್ತಿತ್ತಂತೆ. ಇಂಥವನು ನಿವೃತ್ತಿಯ ನಂತರ ದುಡ್ಡು ಕೊಟ್ಟು ಮೈಗೆ ಅಂಟಿ ಕೂರುವ ಉಣ್ಣೆಯ ಅಂಗಿ ಕೊಂಡೆ ಎಂದರೆ ನೀವು ನಗುತ್ತೀರಿ. ನಗಿ. ನಗಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಇದಕ್ಕೆಲ್ಲ ಕಾರಣ ಇಲಿಯಾಸ್. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಈತ ನಮ್ಮ ಭಾನುವಾರದ ಚಾರಣದ ಗುಂಪಿಗೆ ನಾಯಕ. ಮಳೆಗಾಲದಲ್ಲಿ ಕುಮಟೆಯಿಂದ ಕಡಲಂಚಿನ ಗುಡ್ಡಗಳನ್ನು ಹತ್ತಿಳಿಯುತ್ತ ಹೋಗೋಣ ಎಂದು ನಿಶ್ಚಯವಾದಾಗ, ನನ್ನ ಬನಿಯನ್ನನ್ನು ಕಂಡು ತಲೆ ಕೊಡವಿದ.

"ಸರ್, ಹತ್ತಿದು ಹಾಕ್ಕೊಂಡು ಬರ್ಬೇಡಿ. ಒದ್ದೆ ಆದ್ರೆ ಮೈಗೇ ಅಂಟ್ಕೊಂಡು ಕೂರ್ತದೆ, ಗಾಳಿ ಬಂದ್ರೆ ಎದೆಗೆ ಚಳಿ ಹಿಡೀತದೆ. ಮೆರಿನೋ ಹಾಕಿ."

ಮೆರಿನೋ ಎಂದರೆ ಪರದೇಶದ ಒಂದು ಜಾತಿಯ ಕುರಿಯಂತೆ. ಅದರ ಉಣ್ಣೆಯ ಎಳೆ ಬಹಳ ನಯ. ಅಂಗಿಯ ಚೀಟಿಯಲ್ಲಿ ಬರೆದಿತ್ತು: ಚಳಿಗೆ ಬೆಚ್ಚಗೆ, ಸೆಕೆಗೆ ತಂಪು, ಚುಚ್ಚುವುದಿಲ್ಲ, ಎಷ್ಟೋ ದಿನ ತೊಳೆಯದೆ ಹಾಕಿದರೂ ವಾಸನೆ ಬರುವುದಿಲ್ಲ. ಇಷ್ಟೊಂದು ಗುಣಗಳನ್ನು ನಾನು ಮದುವೆಯ ಜಾತಕಗಳಲ್ಲಿ ಮಾತ್ರ ಕಂಡಿದ್ದೆ, ಹಾಗಾಗಿ ಅನುಮಾನವೇ ಹೆಚ್ಚಾಯಿತು. ನನಗೆ ಗೊತ್ತಿದ್ದ ಉಣ್ಣೆ ಎರಡೇ. ಒಂದು, ಮಳೆಗೆ ಅಜ್ಜ ಹೊದೆಯುತ್ತಿದ್ದ ಕರಿಕಂಬಳಿ. ಇನ್ನೊಂದು, ಕರ್ಕಿಯ ಅತ್ತೆಯ ದಾಬಳಿ.

ದಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಹತ್ತಿಯ ಸೀರೆಯನ್ನು ಮಡಿಯಲ್ಲಿ ಉಡಬೇಕಾದರೆ ದಿನವೂ ಒಗೆದು, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಗಿಸಬೇಕು. ಉಣ್ಣೆಗೆ ಆ ಕಟ್ಟುಪಾಡಿಲ್ಲ. ಅದಕ್ಕೆ ಮೈಲಿಗೆಯೇ ತಟ್ಟದು ಎನ್ನುತ್ತಾರೆ ಹಿರಿಯರು. ಯಾಕೆ ಎಂದು ಚಿಕ್ಕವನಿದ್ದಾಗ ಕೇಳಿ ಬೈಸಿಕೊಂಡಿದ್ದೆ. ಈಗ ಅಂಗಿಯ ಚೀಟಿ ಹಿಡಿದು ಯೋಚಿಸಿದರೆ, ಕಂಪನಿಯವರೂ ಹಿರಿಯರೂ ಒಂದೇ ಮಾತು ಹೇಳುತ್ತಿರುವಂತಿದೆ. ಯಾರು ಯಾರಿಂದ ಕಲಿತರೋ ತಿಳಿಯದು. ಕುರಿಯಂತೂ ಇಬ್ಬರನ್ನೂ ಕೇಳಿ ಉಣ್ಣೆ ಬೆಳೆಸಿಕೊಂಡದ್ದಲ್ಲ.

ಅತ್ತೆ ಅಂದರೆ ಅಪ್ಪನ ತಂಗಿ, ಎಂಬತ್ತರ ಹತ್ತಿರದವಳು. ಮಗ ಸೊಸೆಯ ಜೊತೆ ಸುಖವಾಗಿಯೇ ಇದ್ದಾಳೆ. ಆದರೆ ದೇವರ ನೈವೇದ್ಯದ ಅಡುಗೆಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಆಷಾಢದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದುಂಟೇ? ನಿನ್ನೆಯ ಸೀರೆ ಇವತ್ತೂ ತೊಟ್ಟಿಕ್ಕುತ್ತಿರುತ್ತದೆ. ಅತ್ತೆ ಅದನ್ನೇ ಹಿಂಡಿ ಉಟ್ಟುಕೊಂಡು ಒಲೆಯ ಮುಂದೆ ನಿಲ್ಲುತ್ತಾಳೆ. ಹಳೆಯ ದಾಬಳಿ ಉಟ್ಟರೆ ಮೈಯೆಲ್ಲ ತುರಿಸಿ ದದ್ದು ಏಳುತ್ತದೆ, ಅದಕ್ಕೇ ಅದು ಪೆಟ್ಟಿಗೆ ಸೇರಿತ್ತು. ಕಳೆದ ಮಳೆಗಾಲ ಎದೆಯಲ್ಲಿ ಕಫ ಕಟ್ಟಿ ಎಂಟು ದಿನ ಕುಮಟೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಇನ್ನೊಮ್ಮೆ ಹೀಗಾದರೆ ಎದೆ ತಡೆಯಲಾರದು, ಒದ್ದೆ ಬಟ್ಟೆ ಉಡಲೇಬಾರದು ಎಂದರು ಡಾಕ್ಟರು. ಅತ್ತೆ ಹ್ಞೂಂ ಎಂದು ತಲೆಯಾಡಿಸಿ ಮನೆಗೆ ಬಂದವಳು ಮರುದಿನವೇ ಒದ್ದೆ ಸೀರೆ ಉಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯಿಂದ ಅವಳ ಕೆಮ್ಮು ಕೇಳುತ್ತಿತ್ತು. ಮಗ ಬಟ್ಟೆ ಒಣಗಿಸುವ ಯಂತ್ರ ತಂದ. ಅದರೊಳಗೆ ಹೋದದ್ದು ಮಡಿಯೇ ಎಂದು ಅತ್ತೆ ಕೇಳಿದ್ದಕ್ಕೆ ಅವನು ಅದನ್ನು ಅಂಗಡಿಗೇ ತಿರುಗಿ ಕೊಟ್ಟುಬಂದ. ನನಗೆ ಇದ್ದದ್ದು ಭಯ ಮಾತ್ರ.

ಚಾರಣಕ್ಕೆ ಹೋದೆ. ಎರಡನೆಯ ಗುಡ್ಡದ ಮೇಲೆ ಮಳೆ ಹೊಡೆಯಿತು, ಕಡಲ ಕಡೆಯಿಂದ ಗಾಳಿ ಬೀಸಿತು. ಉಳಿದವರು ಹಲ್ಲು ಕಟಕಟಿಸುತ್ತ ಕೈ ಉಜ್ಜಿಕೊಳ್ಳುತ್ತಿದ್ದರು. ನಾನು ಪೂರ್ತಿ ನೆನೆದಿದ್ದೆ, ಆದರೂ ಮೈ ಬೆಚ್ಚಗಿತ್ತು. ಮಳೆ ನಿಂತು ಬಿಸಿಲು ಬಂದಾಗ ಬೆವರಿದೆ, ಆದರೂ ಅಂಟಲಿಲ್ಲ. ನನಗೆ ಈಗ ಚಳಿಯೋ ಸೆಕೆಯೋ ಎಂದು ನಿಂತು ವಿಚಾರಿಸಿಕೊಳ್ಳಬೇಕಾಯಿತು. ಆಗ ಇಲಿಯಾಸನ ಮಾತು ಮತ್ತೆ ಕಿವಿಗೆ ಬಿತ್ತು. ಒದ್ದೆಯಾದ ಹತ್ತಿ, ಎದೆಗೆ ಚಳಿ. ಯಾವ ಗುಡ್ಡವನ್ನೂ ಹತ್ತದ ನನ್ನ ಅತ್ತೆ ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ?

ವಾಪಸು ಬರುವಾಗ ಬಸ್ಸಿನಿಂದ ಕರ್ಕಿಯಲ್ಲೇ ಇಳಿದುಬಿಟ್ಟೆ. ಒಣಬಟ್ಟೆ ಉಟ್ಟುಕೊಂಡು, ಕಳಚಿದ ಅಂಗಿಯನ್ನು ಅತ್ತೆಯ ಮುಂದೆ ಹಿಡಿದೆ.

"ಎಂತದ ಇದು?" ಎಂದಳು.

"ಉಣ್ಣೆ ಅತ್ತೆ. ಶುದ್ಧ ಉಣ್ಣೆ. ಚುಚ್ಚತಿಲ್ಲೆ."

ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಕೆನ್ನೆಗೂ ಹಿಡಿದು ನೋಡಿದಳು. "ಉಣ್ಣೆಗೆ ಮೈಲಿಗೆ ಇಲ್ಲೆ ಹೇಳದು ಹೌದು. ಆದ್ರೆ ಇದು ಹೊಲಿದದ್ದು. ಹೊಲಿದದ್ದು ಮಡಿಗೆ ಆಗ್ತಿಲ್ಲೆ ತಮಾ."

ಕುರಿಯಿಂದ ಮಡಿ, ದರ್ಜಿಯಿಂದ ಮೈಲಿಗೆ! ಅರ್ಧ ಮಡಿ ಎಂಬುದೊಂದು ಇದೆಯೇ ಎಂದು ಗಣಿತದ ಮೇಷ್ಟ್ರಾಗಿ ಕೇಳಿದೆ. ಅತ್ತೆ ಎದ್ದು ಒಳಗೆ ಹೋದಳು. ಸೋತೆ ಎಂದುಕೊಂಡೆ, ಬಹಳ ಬೇಸರವಾಯಿತು.

ಅತ್ತೆ ಬಂದದ್ದು ಒಂದು ಬ್ಲೇಡು ಹಿಡಿದುಕೊಂಡು. ಕನ್ನಡಕ ಏರಿಸಿ ಜಗಲಿಯ ಬೆಳಕಿಗೆ ಕೂತು, ಬದಿಯ ಹೊಲಿಗೆಯನ್ನು ಒಂದೊಂದೇ ಟಾಕಿ ಬಿಚ್ಚತೊಡಗಿದಳು. ಅರ್ಧ ಗಂಟೆಯಲ್ಲಿ ನನ್ನ ಅಂಗಿ ಅಂಗಿಯಾಗಿ ಉಳಿದಿರಲಿಲ್ಲ. ಎದೆಯದೊಂದು ತುಂಡು, ಬೆನ್ನಿನದೊಂದು ತುಂಡು, ಎರಡು ತೋಳು.

"ಈಗ ಆತು. ಈಗ ಇದು ಬಟ್ಟೆ," ಎಂದಳು. ತೋಳುಗಳನ್ನು ನನ್ನ ಕಡೆ ತಳ್ಳಿದಳು. "ಇದು ನಂಗೆ ಬೇಡ. ನೀನೇ ಹಾಕ್ಯ."

"ತೊಳೆಯೂದೇ ಬೇಡ ಅತ್ತೆ, ಉಣ್ಣೆ ಅಲ್ದಾ?" ಎಂದು ಶಾಸ್ತ್ರ ಎತ್ತಿದೆ.

"ಉಣ್ಣೆಗೆ ಬೇಡ. ನಿನ್ನ ಬೆವರಿಗೆ ಬೇಕು," ಎಂದು ತಾನೇ ನೀರಿಗೆ ಅದ್ದಿ ತೆಗೆದು ಒಲೆಯ ಮೇಲಿನ ಗಳುವಿಗೆ ಹಾಕಿದಳು.

ಮಳೆ ಬಿಡದ್ದರಿಂದ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದಾಗ ಅತ್ತೆ ಆ ಎರಡು ತುಂಡುಗಳನ್ನು ಸೀರೆಯೊಳಗೆ ಎದೆಗೂ ಬೆನ್ನಿಗೂ ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದಳು. ಜಗಲಿಯಲ್ಲಿ ಕೂತಾಗ ಏನೋ ಒಂದು ಕಡಿಮೆಯಾದಂತೆನಿಸಿತು. ದೇವರ ಗಂಟೆಯೇ? ಅದು ಆಗಿತ್ತು. ಒಗ್ಗರಣೆಯೇ? ಅದರ ಘಮ ಬರುತ್ತಿತ್ತು. ಭಾವ, ಎಂದರೆ ಅತ್ತೆಯ ಮಗ, ಪೇಪರು ಕೆಳಗಿಟ್ಟು ಅಡುಗೆಮನೆಯತ್ತ ಕಿವಿಗೊಟ್ಟು ಕೂತಿದ್ದ. ಆಮೇಲೆ ನನ್ನ ಮುಖ ನೋಡಿದ.

"ಕೆಮ್ಮಿದ್ದೇ ಇಲ್ಲೆ ಮಾರಾಯಾ," ಎಂದ ಮೆಲ್ಲಗೆ.

ನಾನೂ ಅವನ ಪಕ್ಕ ಕೂತು ಅಡುಗೆಮನೆಯತ್ತ ಕಿವಿಗೊಟ್ಟೆ. ಸದ್ದೊಂದು ಇಲ್ಲದ್ದನ್ನು ಅಷ್ಟು ಹೊತ್ತು ಹೀಗೆ ಗಮನವಿಟ್ಟು ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಒಳಗಿನಿಂದ ಅತ್ತೆ, ಇಬ್ಬರು ಗಂಡಸರು ಬೆಳಿಗ್ಗೆ ಬೆಳಿಗ್ಗೆ ಎಂತಕ್ಕೆ ಗರ ಬಡಿದವರ ಹಾಗೆ ಕೂತಿದ್ದೀರಿ ಎಂದು ಗಟ್ಟಿಯಾಗಿ, ಉಸಿರು ಕಟ್ಟದೆ, ಒಂದೇ ಸಮನೆ ಬೈದಳು. ಭಾವ ಕಣ್ಣೊರೆಸಿಕೊಂಡು, ಇನ್ನೂ ಸ್ವಲ್ಪ ಬೈಯಲಿ ಎಂದು, ಎದ್ದು ಹೋಗದೆ ಅಲ್ಲೇ ಕೂತ.