ಸದ್ದಿಲ್ಲದ ಮಂಚ

ಹೆರಿಗೆ ವಾರ್ಡಿನಲ್ಲಿ ಆಕೆಗಿದ್ದ ಹೆಸರು ‘ಶ್ ಸಿಸ್ಟರ್’. ಇಟ್ಟವರು ಕಿರಿಯ ನರ್ಸುಗಳು. ಯಾವ ಮಂಚದಿಂದ ಕೂಗೆದ್ದರೂ ಆಕೆ ತುಟಿಯ ಮೇಲೆ ಬೆರಳಿಟ್ಟು ‘ಶ್’ ಎನ್ನುತ್ತಿದ್ದಳು. ಕೆಟ್ಟವಳೇನಲ್ಲ, ಪಾಪ. ಅದೇ ಕೈಯಿಂದ ಸೊಂಟ ನೀವುತ್ತಿದ್ದಳು, ಬೆವರು ಒರೆಸುತ್ತಿದ್ದಳು. ಆದರೆ ದಿನವಿಡೀ ಕಿವಿಗೆ ಕೂಗು ತುಂಬಿಕೊಂಡವಳಿಗೆ ಒಂದಿಷ್ಟು ಮೌನ ಸಿಕ್ಕರೆ ಸಾಕಾಗಿತ್ತು. ಮಂಡಿ ಸವೆದಿತ್ತು, ಕಾಲಿನ ನರಗಳು ಗಂಟುಕಟ್ಟಿದ್ದವು. ನಿವೃತ್ತಿಯೊಂದು ಮಾತ್ರ ಇಗೋ ಬಂದೆ ಎನ್ನುತ್ತಾ ಬಾರದೇ ಉಳಿದಿತ್ತು.

ಅಲ್ಲಿ ಮಂಚ ಹೆಚ್ಚು, ಕೈ ಕಡಿಮೆ. ಹಾಗಾಗಿ ಎಲ್ಲರೂ ಕಿವಿಯನ್ನೇ ನಂಬಿದ್ದರು. ನರಳಿದರೆ ಇನ್ನೂ ಹೊತ್ತಿದೆ. ಕಿರುಚಿದರೆ ಹೋಗಿ ನೋಡು. ದನಿ ಗಂಟಲು ಬಿಟ್ಟು ಹೊಟ್ಟೆಯಾಳದಿಂದ ಬಂತೋ, ಓಡು. ಪುಸ್ತಕದಲ್ಲಿ ಹೀಗೆ ಬರೆದಿಲ್ಲ, ಕೈಯಿಂದ ಪರೀಕ್ಷಿಸಿಯೇ ತಿಳಿಯಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರಿಗಿತ್ತು ಅಷ್ಟು ಪುರುಸೊತ್ತು?

ಅಂದು ಬೆಳಿಗ್ಗೆ ಕಿಟಕಿ ಪಕ್ಕದ ಮಂಚಕ್ಕೆ ಬಂದವಳು ಆಕೆಯ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆ. ನೋವು ಜೋರಾದಾಗ ಅದು ಗೊತ್ತಾಗದಂತೆ ಬೆನ್ನಿಗೆ ಇಂಜೆಕ್ಷನ್ ಕೊಡಿಸುವುದೆಂದು ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು. ‘ನೀನು ಹೂಂ ಅಂದ್ರೆ ಸಾಕು, ಡಾಕ್ಟರನ್ನ ಎಳ್ಕೊಂಡು ಬರ್ತೀನಿ’ ಎಂದು ತಾಯಿ ಮಾತು ಕೊಟ್ಟಿದ್ದಳು. ಮಗಳನ್ನು ಹೆರುವಾಗ ತಾನು ಪಟ್ಟ ಪಾಡು ಆಕೆಗೆ ಮರೆತಿರಲಿಲ್ಲ. ಅದು ಮಗಳಿಗೆ ಬೇಡ ಎಂಬುದೊಂದೇ ಹಟ.

ಆದರೆ ಆಕೆಗೆ ಅಂದು ರಜೆ ಸಿಗಲಿಲ್ಲ. ಬಾಗಿಲ ಬಳಿಯ ಹೆಂಗಸು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದಳು. ಅವಳ ಪಕ್ಕದವಳು ಗಂಡನ ವಂಶವನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದಳು. ಅವರ ನಡುವೆ ಓಡಾಡಿ ಆಕೆ ಹೈರಾಣಾಗಿದ್ದಳು. ಪರದೆ ಸರಿಸಿ ಇಣುಕಿದಾಗಲೆಲ್ಲ ಮಗಳು ಗೋಡೆಯತ್ತ ತಿರುಗಿ ಮಲಗಿರುತ್ತಿದ್ದಳು. ಹೇಗಿದೆ ಎಂದರೆ ಪರವಾಗಿಲ್ಲ ಎನ್ನುತ್ತಿದ್ದಳು. ಆಕೆ ಬೆನ್ನು ಸವರಿ ಹೊರಟುಬಿಡುತ್ತಿದ್ದಳು.

ಇಂಜೆಕ್ಷನ್ ಕೊಡುವ ಡಾಕ್ಟರು ತಾವಾಗಿಯೇ ಬಂದು ಕೇಳಿದರು. ಆಪರೇಷನ್‌ಗೆ ಹೋದರೆ ಬೇಗ ಬರಲಾಗದು, ಮಗಳಿಗೆ ಈಗಲೇ ಕೊಟ್ಟುಬಿಡಲೇ ಎಂದರು. ಆಕೆ ಕಿವಿಗೊಟ್ಟಳು. ಪರದೆಯಾಚೆ ಸದ್ದೇ ಇಲ್ಲ.

‘ಅವಳಿಗಿನ್ನೂ ಹೊತ್ತಿದೆ ಸರ್. ಹೋಗ್ಬನ್ನಿ’ ಎಂದಳು.

ಅವರು ಹೋದ ಸ್ವಲ್ಪ ಹೊತ್ತಿಗೆ ಕಿರಿಯ ನರ್ಸೊಬ್ಬಳು ಮಗಳನ್ನು ಪರೀಕ್ಷಿಸಿ ಬಂದಳು. ಅವಳ ಮುಖ ಸಪ್ಪಗಾಗಿತ್ತು. ‘ಸಿಸ್ಟರ್, ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ. ಮಗು ತಲೆ ಕೆಳಗಿಳಿದಿದೆ. ಇನ್ನು ಇಂಜೆಕ್ಷನ್‌ಗೆ ಟೈಮಿಲ್ಲ.’

ಆಕೆ ಓಡಿಹೋಗಿ ನೋಡಿದರೆ ಮಗಳು ದಿಂಬಿನ ಮೂಲೆ ಕಚ್ಚಿ ಹಿಡಿದಿದ್ದಳು. ಬಟ್ಟೆ ಹರಿದು ಹತ್ತಿ ಹೊರಬಂದಿತ್ತು. ಆಕೆ ಅದನ್ನು ಕಿತ್ತೆಸೆದು ಮಗಳನ್ನು ತಬ್ಬಿಕೊಂಡಳು. ಕೂಗು ಕಂದಾ, ಕೂಗಿಬಿಡು ಎಂದು ಅಂಗಲಾಚಿದಳು. ಶ್ ಸಿಸ್ಟರ್ ಬಾಯಲ್ಲಿ ಇಂಥ ಮಾತು ಕೇಳಿ ನರ್ಸುಗಳು ಮುಖ ಮುಖ ನೋಡಿಕೊಂಡರು. ಮಗಳು ಆಗದೆಂಬಂತೆ ತಲೆಯಾಡಿಸಿದಳು, ಅಷ್ಟೇ. ಹಲ್ಲು ಕಚ್ಚಿಕೊಂಡೇ ಹೆತ್ತಳು. ಗಂಡುಮಗು.

ಎಲ್ಲ ಮುಗಿದ ಮೇಲೆ ಆಕೆ ಸ್ಟೂಲಿನ ಮೇಲೆ ಕುಸಿದಳು. ಎದ್ದು ನೀರು ಕುಡಿಯುವ ತ್ರಾಣವೂ ಇರಲಿಲ್ಲ.

‘ಪರದೆ ಆಚೆಗೇ ಇದ್ನಲ್ಲೇ. ಒಂದು ಸಲ ಅಮ್ಮಾ ಅನ್ನಬಾರದಾಗಿತ್ತಾ?’

ಮಗಳು ಬಿರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

‘ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೆಯಲ್ಲಮ್ಮ. ಇವತ್ತೊಬ್ಬಳು ತುಟಿ ಪಿಟಕ್ಕನ್ನದೆ ಹೆತ್ತಳು, ಮಗಳು ಅಂದ್ರೆ ಹಾಗಿರಬೇಕು ಅಂತ. ಚಿಕ್ಕಂದಿನಿಂದ ಅದನ್ನೇ ಕೇಳ್ಕೊಂಡು ಬೆಳೆದೆ.’

ಹೌದು, ಆಕೆ ಹೇಳಿದ್ದಳು. ಅನ್ನ ಕಲಸುತ್ತಾ, ಕಾಲು ಚಾಚಿ ಕೂತು, ದಣಿದ ಬಾಯಿಗೆ ಬಂದದ್ದನ್ನು ಹೇಳಿದ್ದಳು.

ಅಷ್ಟರಲ್ಲಿ ಮಗು ಎಚ್ಚರಗೊಂಡು ವಾರ್ಡಿಗೆಲ್ಲ ಕೇಳುವಂತೆ ಅರಚತೊಡಗಿತು. ಆಕೆಯ ಬೆರಳು ತಾನಾಗಿ ತುಟಿಗೆ ಹೋಯಿತು. ‘ಶ್...’

‘ಅಳಲಿ ಬಿಡಮ್ಮ’ ಎಂದಳು ಮಗಳು.

ಆಕೆ ಕೈ ಕೆಳಗಿಳಿಸಿದಳು. ಮೊಮ್ಮಗ ಅಳುತ್ತಲೇ ಇದ್ದ. ಆಕೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು.