ಸಾಬಮ್ಮನಿಗೆ ಹೇಳಿದ ಸುಳ್ಳು

ಎದುರಿಗೆ ಏನೇ ಬರಲಿ, ಸಾಬಮ್ಮ ಅದನ್ನು ಬೆರಳ ಗಿಣ್ಣಿನಿಂದ ಎರಡು ಸಲ ಬಡಿದು, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. ಹೊಸ ಪಾತ್ರೆ, ಕುಂಬಳಕಾಯಿ, ತರಗತಿಯ ಬಾಗಿಲು, ಹೊಟ್ಟೆನೋವೆಂದು ನೆಪ ಹೇಳುವ ಹುಡುಗಿಯ ಬೆನ್ನು, ಯಾವುದನ್ನೂ ಬಿಡುತ್ತಿರಲಿಲ್ಲ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ ಹದಿನೆಂಟು ವರ್ಷ ದುಡಿದವರು. ನೆಲದಿಂದ ಎಬ್ಬಿಸಿದ ಹಾಸುಗಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಒಳಗೆ ಒಡಕಿದೆಯೋ ಇಲ್ಲವೋ ಎಂದು ಹೇಳುವುದು ಅವರ ಕೆಲಸವಾಗಿತ್ತು.

"ಚೊಲೋ ಕಲ್ಲು ಮಾತಾಡ್ತದ್ರೀ ಅಕ್ಕೋರ. ಒಡಕ ಕಲ್ಲು ಗೊಣಗ್ತದ," ಎನ್ನುತ್ತಿದ್ದರು.

ಕೊನೆಗೆ ದುಡಿಯುತ್ತಿದ್ದ ಗಣಿ ಮುಚ್ಚಿದ ಮೇಲೆ ನಮ್ಮ ಹೈಸ್ಕೂಲಿಗೆ ಬಿಸಿಯೂಟದ ಅಡುಗೆಗೆ ಬಂದರು. ಶಹಾಬಾದ್ ಮತ್ತು ವಾಡಿಯ ನಡುವಿನ ಹಳ್ಳಿಯ ಶಾಲೆ ಅದು. ನಾನು ಅಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ನನ್ನೂರು ಸೇಡಂ. ಶಹಾಬಾದಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇದ್ದೆ. ಸಾಬಮ್ಮ ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ, ಶಿಕ್ಷಕಿಯರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ನನ್ನನ್ನು 'ಅಕ್ಕೋರ' ಎಂದೇ ಕರೆಯುತ್ತಿದ್ದರು.

ಗಿಡ್ಡ ಆಳು, ಅಗಲವಾದ ಪಾದ. ಯಾವ ಊರಿನ ಹೆಸರು ಹೇಳಿದರೂ ಅವರ ಮೊದಲ ಪ್ರಶ್ನೆ, "ಅಲ್ಲಿ ಕಲ್ಲು ಯಾವ್ದ್ರಿ?" ಚಿಂಚೋಳಿ ಕಡೆಯ ಕೆಂಪು ಕಲ್ಲನ್ನು ಅವರು ಕಲ್ಲೆಂದೇ ಒಪ್ಪುತ್ತಿರಲಿಲ್ಲ. "ಅದು ಸಿಟ್ಟಿಗೆದ್ದ ಮಣ್ಣು, ಅಷ್ಟ." ನಮ್ಮ ಸೇಡಂ ಬಗ್ಗೆಯಂತೂ ಅವರಿಗೆ ಮರುಕ. "ನಿಮ್ಮೂರಾಗ ಹಾಸೋ ಕಲ್ಲನ್ನ ಸುಟ್ಟು ಸಿಮೆಂಟ್ ಮಾಡ್ತಾರ. ಪಾಪ, ಏನ್ ಮಾಡಿತ್ತರೀ ಅದು?"

ಒಂದು ದಿನ ಒಂಬತ್ತನೇ ತರಗತಿಗೆ ನದಿಯ ಸವೆತದ ಪಾಠ ಮಾಡುತ್ತಿದ್ದೆ. ಒಣನಾಡಿನಲ್ಲಿ ನದಿ ಬಂಡೆಯನ್ನು ಪದರಪದರವಾಗಿ ಕೊರೆದು ಆಳವಾದ ಕಂದರ ಮಾಡುತ್ತದೆ ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ಮಕ್ಕಳು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. ಕಿಟಕಿಯ ಹೊರಗೆ ಅಕ್ಕಿ ಆರಿಸುತ್ತಿದ್ದ ಸಾಬಮ್ಮ, "ಅಕ್ಕೋರ, ಗ್ವಾಡಿ ಮ್ಯಾಲ ಯಾಕ್ ತೋರಸ್ತೀರಿ? ನಮ್ಮ ಹಳೀ ಖಣಿಗೆ ಕರ್ಕೊಂಡು ನಡೀರಿ," ಎಂದರು.

ಮರುದಿನ ಹೋದೆವು. ಶಾಲೆಯಿಂದ ಒಂದು ಮೈಲಿ. ಕೆಲಸ ನಿಂತ ಗಣಿಯ ಗೋಡೆಗಳು ಎರಡು ಮನೆಯಷ್ಟು ಎತ್ತರ. ಒಂದರ ಮೇಲೊಂದು ಒಟ್ಟಿದ ಪುಸ್ತಕಗಳಂತೆ ಬೂದು ಬಣ್ಣದ ಪದರಗಳು. ಸಾಬಮ್ಮ ಮುಂದೆ ಇಳಿಯುತ್ತ ಯಾವ ಪದರ ಅಂಗಳಕ್ಕೆ, ಯಾವುದು ಅಡುಗೆಮನೆಗೆ, ಯಾವುದು ಯಾತಕ್ಕೂ ಬಾರದ್ದು ಎಂದು ಹೇಳುತ್ತ ಹೋದರು. ನಾನು ಎಂಟು ವರ್ಷದಲ್ಲಿ ಕಲಿಸಲಾಗದ್ದನ್ನು ಮಕ್ಕಳು ಅಂದು ಒಂದು ಗಂಟೆಯಲ್ಲಿ ಕಲಿತರು.

ಮೇಲೆ ಹತ್ತಿ ಬಂದಾಗ ಸಾಬಮ್ಮ ಕೇಳಿದರು. "ಇದು ನಾವು ಕಡದದ್ದು ಅಕ್ಕೋರ. ನೀರು ಕಡದದ್ದು ನೀವು ನೋಡೀರೇನು?"

ನೋಡಿರಲಿಲ್ಲ. ಆ ಪ್ರಶ್ನೆ ಕೇಳಿದ ದಿನವೇ ನನ್ನ ತಲೆಯಲ್ಲಿ ಪ್ರವಾಸ ಹುಟ್ಟಿತು. ನನಗಾಗ ಮೂವತ್ತನಾಲ್ಕು ವರ್ಷ. ಮದುವೆ ಆಗಿರಲಿಲ್ಲ. ಅಲ್ಲಿಯವರೆಗೆ ಮಾಡಿದ ಪ್ರಯಾಣಗಳೆಲ್ಲ ಮನೆಯವರ ಜೊತೆ, ಯಾರದೋ ಮದುವೆಗೆ, ಯಾವುದೋ ಹರಕೆಗೆ. ಒಬ್ಬಳೇ ಹೆಗಲಿಗೆ ಚೀಲ ಹಾಕಿಕೊಂಡು ತಿರುಗುವ ಹೆಣ್ಣುಮಕ್ಕಳ ಚಿತ್ರಗಳನ್ನು ಫೋನಿನಲ್ಲಿ ನೋಡಿ ನೋಡಿ, ನಾನೂ ಒಮ್ಮೆ ಹಾಗೆ ಹೋಗಬೇಕೆಂಬ ಆಸೆ ಗಟ್ಟಿಯಾಗಿತ್ತು. ಆ ಚಿತ್ರಗಳಲ್ಲಿ ಕಂಡ ರಾಜಸ್ಥಾನದ ಮರುಭೂಮಿ ನನ್ನ ಕೈಗೆ ಎಟುಕುವಂಥದ್ದಲ್ಲ. ಹುಡುಕಿದಾಗ ಗಂಡಿಕೋಟೆ ಸಿಕ್ಕಿತು. ಆಂಧ್ರದ ಕಡಪಾ ಜಿಲ್ಲೆಯಲ್ಲಿ ಪೆನ್ನಾ ನದಿ ಕೊರೆದ ಕಂದರ. ವಾಡಿಯಲ್ಲಿ ರೈಲು ಹತ್ತಿ ಮುದ್ದನೂರಿನಲ್ಲಿ ಇಳಿದರೆ ಮುಂದೆ ಬಸ್ಸು. ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಕೆಂಡ. ಹೋಗುವುದಾದರೆ ಡಿಸೆಂಬರಿನಲ್ಲೇ ಹೋಗಬೇಕು.

ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಯೋಜನೆ ಹಾಕತೊಡಗಿದೆವು. ನಾನು ರೈಲಿನ ಸಮಯ ಓದುತ್ತಿದ್ದೆ, ಅವರು ಖರ್ಚು ಕಡಿಮೆ ಮಾಡುವ ದಾರಿ ಹೇಳುತ್ತಿದ್ದರು.

"ಹೋಟೆಲ್ ಊಟ ಯಾಕ್ರಿ? ಕಟಕ್ ರೊಟ್ಟಿ ಬಡದು ಕೊಡ್ತೀನಿ, ಎಂಟ್ ದಿನ ಏನೂ ಆಗಲ್ಲ. ಹಚ್ಕೊಂಡು ತಿನ್ಲಾಕ ಶೇಂಗಾ ಹಿಂಡಿ ಇದ್ರ ಸಾಕು."

"ಥಂಡಿಗೆ ಏನು ಮಾಡೋದು ಸಾಬಮ್ಮ? ಡೇರೆಯಲ್ಲಿ ಮಲಗಬೇಕು."

"ಹಗಲೆಲ್ಲ ಬಿಸಲುಂಡ ಕಲ್ಲು ಸಂಜಿಗೆ ಶಾಖ ಕೊಡ್ತದ. ಅದರ ಬಾಜೂಕ ಡೇರೆ ಹಾಕಸ್ರಿ."

ಕಡಪಾ ಎಂಬ ಹೆಸರು ಕೇಳಿದ್ದೇ ಅವರ ಕಣ್ಣು ಅಗಲವಾಗಿತ್ತು. "ಕಡಪಾ ಕಲ್ಲು ಬರೋದು ಅಲ್ಲಿಂದೇನ್ರಿ? ಕರೀ ಕಲ್ಲು! ನಮ್ಮ ಫರಸಿ ಗಿರಾಕಿನೆಲ್ಲ ಹಾರಿಸ್ಕೊಂಡು ಹೋತದು." ವೈರಿಯ ಮನೆಯನ್ನು ಒಮ್ಮೆ ನೋಡಬೇಕೆಂಬ ಕುತೂಹಲ ಅವರ ದನಿಯಲ್ಲಿತ್ತು.

ಎರಡು ಭಾನುವಾರ ನನ್ನನ್ನು ಅದೇ ಹಳೆಯ ಗಣಿಗೆ ಇಳಿಸಿ ನಡೆಯುವುದನ್ನು ಕಲಿಸಿದರು. ನಾನು ಹೆದರಿ ಕೂತುಕೊಂಡು ಜಾರಲು ಹೋದರೆ ಬೈಯುತ್ತಿದ್ದರು. "ಕಲ್ಲಿಗೆ ಮಾರಿ ಕೊಟ್ಟು ಇಳೀರಿ. ಬೆನ್ನು ಕೊಡಬ್ಯಾಡ್ರಿ." ಎರಡನೆಯ ಭಾನುವಾರ ಗಣಿಯ ತಳದಲ್ಲಿ ಕೂತು ನೀರು ಕುಡಿಯುವಾಗ, ಬೇರೆಲ್ಲೋ ನೋಡುತ್ತ ಕೇಳಿದರು.

"ಅಕ್ಕೋರ, ನಾನೂ ಬರ್ಲೇನ್ರಿ? ನನ್ನ ಟಿಕೇಟು ನಾನೇ ತಗೀತೀನಿ. ಇಲ್ಲೇ ಬಾಜೂಕಿನ ಸನ್ನತಿ ಸ್ತೂಪ ಬಿಟ್ಟು ನಾ ಏನೂ ನೋಡಿಲ್ಲ."

"ಬರ್ರಿ, ಅದಕ್ಕೇನು," ಎಂದೆ. ತಕ್ಷಣ ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಮುಂದಿನ ವಾರ ಸಾಬಮ್ಮ ಶಹಾಬಾದಿನ ಪೇಟೆಯಲ್ಲಿ ಕ್ಯಾನ್ವಾಸ್ ಬೂಟು ಕೊಂಡರು. ಕಾಲಿಗೆ ಒಗ್ಗಲೆಂದು ಅಡುಗೆ ಕೋಣೆಯಿಂದ ನಲ್ಲಿಯವರೆಗೆ ಸೀರೆಯ ಕೆಳಗೆ ಅದನ್ನು ಹಾಕಿಕೊಂಡೇ ಓಡಾಡಿದರು. ಪ್ರವಾಸದ ನಾಲ್ಕು ದಿನಕ್ಕೆ ತಮ್ಮ ಬದಲು ಅಡುಗೆ ಮಾಡಲು ನಾದಿನಿಯನ್ನು ಒಪ್ಪಿಸಿದರು. ಶಾಲೆಗೆಲ್ಲ ಸುದ್ದಿಯಾಯಿತು.

ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ನಕ್ಕರು. "ಏನ್ ಮೇಡಂ, ಅಡಗಿಯಾಕಿನ್ನ ಕರ್ಕೊಂಡು ಟೂರ್ ಹೊಂಟೀರಂತ? ಒಂದೇ ಡೇರೆದಾಗ ಇಬ್ರೂ?"

ಎಲ್ಲರೂ ನಕ್ಕರು. ಆ ನಗೆಯಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಸಾಬಮ್ಮನ ಮನೆ ಊರಿನ ಯಾವ ಬದಿಗಿದೆ ಎಂಬುದು ಅದರಲ್ಲಿತ್ತು. ನಾನು ಬಸವಣ್ಣನ ಪಾಠ ಮಾಡುವವಳು. ದಿನವೂ ಲಿಂಗಪೂಜೆ ಮಾಡದೆ ನೀರು ಮುಟ್ಟದ ತಂದೆಯ ಮಗಳು. ಸಾಬಮ್ಮನ ಕೈಯಡುಗೆಯನ್ನು ಮಕ್ಕಳ ಸಾಲಿನಲ್ಲಿ ಕೂತು ಉಂಡು, ಅದನ್ನೊಂದು ದೊಡ್ಡಸ್ತಿಕೆ ಎಂದು ಒಳಗೊಳಗೇ ಎಣಿಸಿಕೊಂಡವಳು. ಅಂಥ ನಾನು ಆ ನಗೆಗೆ ನನ್ನದನ್ನೂ ಸೇರಿಸಿ, "ಛೇ, ನಾ ಎಲ್ಲಿ ಕರದೀನ್ರಿ? ಆಕೀನೇ ಬೆನ್ನ ಹತ್ಯಾಳ," ಎಂದುಬಿಟ್ಟೆ.

ಕೋಣೆಗೆ ಬಂದ ಮೇಲೆ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಬ್ಬಳೇ ಹೋಗಬೇಕೆಂಬುದೇ ಅಲ್ಲವೇ ಮೊದಲಿನ ಆಸೆ? ಇನ್ನೊಬ್ಬರು ಬಂದರೆ ಅದು ಕೆಟ್ಟಂತೆಯೇ. ಮರುದಿನ ಬುಧವಾರ ಅಡುಗೆ ಕೋಣೆಗೆ ಹೋಗಿ ಹೇಳಿದೆ.

"ಹೆಡ್ ಸರ್ ರಜಾ ಕೊಡಲಿಲ್ಲ ಸಾಬಮ್ಮ. ಈ ಸಲ ಆಗಲ್ಲ. ಶನಿವಾರ ಸೇಡಂಗ ಹೋಗಿ ಅವ್ವನ್ನ ನೋಡ್ಕೊಂಡು ಬರ್ತೀನಿ."

ಅವರು ಸೌಟು ಕೆಳಗಿಟ್ಟರು. "ಯಾಕ್ ಕೊಡಲಿಲ್ರಿ? ಈ ವರ್ಷ ಒಂದಿನಾನೂ ರಜಾ ಹಾಕಿಲ್ಲ ನೀವು." ಆಮೇಲೆ ದನಿ ತಗ್ಗಿಸಿದರು. "ನಾ ಕೂಡ ಬರ್ತೀನಂತ ಕೊಡಲಿಲ್ಲೇನು?"

ಅಲ್ಲ ಎನ್ನಬಹುದಿತ್ತು. ನಾನು ಸುಮ್ಮನೆ ನಿಂತೆ. ಹಾಗೆಂದೇ ತಿಳಿದುಕೊಂಡರೆ ನನಗೆ ಅನುಕೂಲವಿತ್ತು. ರಜೆ ಮುಗಿಸಿ ಬಂದ ಮೇಲೆ, ಇಷ್ಟು ದಿನ ಯಾಕೆ ಎಂದು ಕೇಳಿದರೆ ಊರಲ್ಲಿ ಜ್ವರ ಬಂದಿತ್ತು ಎಂದರಾಯಿತು ಎಂದು ಎರಡನೆಯ ಸುಳ್ಳನ್ನೂ ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಸಾಬಮ್ಮ ನಿಂತಿದ್ದರು. ಬಟ್ಟೆಯ ಗಂಟೊಂದನ್ನು ನನ್ನ ಕೈಗಿತ್ತರು.

"ಸೇಡಂ ದಾರಿಗೆ ಇಷ್ಟು ಯಾಕ್ರಿ?" ಎಂದೆ.

"ಇರ್ಲಿ ತಗೋರಿ. ಆಗ್ತಾವ," ಎಂದು ಒಳಗೆ ಹೋದರು.

ವಾಡಿಯಿಂದ ರೈಲು ಹೊರಟ ಮೇಲೆ ಗಂಟು ಬಿಚ್ಚಿದೆ. ಹಪ್ಪಳದಂತೆ ಒಣಗಿಸಿದ ಕಟಕ್ ರೊಟ್ಟಿಗಳು, ಇಪ್ಪತ್ತಕ್ಕೆ ಕಡಿಮೆಯಿಲ್ಲ. ಡಬ್ಬಿಯಲ್ಲಿ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ತಲೆಗೆ ಕಟ್ಟಿಕೊಳ್ಳಲು ಒಗೆದು ಮಡಿಸಿದ ಹತ್ತಿಯ ಬಟ್ಟೆ. ತಾಯಿಯ ಮನೆಗೆ ಹೋಗುವವಳಿಗೆ ಯಾರೂ ಇಂಥ ಬುತ್ತಿ ಕಟ್ಟುವುದಿಲ್ಲ. ಅವರಿಗೆ ಗೊತ್ತಾಗಿದೆ ಎಂದು ಆಗ ಅರಿವಾಯಿತು. ಹೇಗೆ ಗೊತ್ತಾಯಿತೆಂದು ತಿಳಿಯಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು, "ಯಾಕಮ್ಮ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬರಬಹುದಿತ್ತು. ಇಳಿಯಲಿಲ್ಲ.

ಗಂಡಿಕೋಟೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಬಹಳ ಕೆಳಗೆ ಹಸಿರು ನೀರು, ಎರಡೂ ಬದಿಗೆ ಯಾರೋ ಕೈಯಲ್ಲಿ ಜೋಡಿಸಿಟ್ಟಂಥ ಕೆಂಪು ಬಂಡೆಗಳು. ಅಂಚಿನಲ್ಲಿ ನಿಂತು ಫೋಟೊ ತೆಗೆದುಕೊಂಡು, 'ಮೊದಲ ಸಲ ಒಬ್ಬಳೇ' ಎಂದು ಬರೆದು ಫೋನಿನಲ್ಲಿ ಹಾಕಿದೆ. ಮೆಚ್ಚುಗೆಗಳು ಬಂದವು. ಧೈರ್ಯವಂತೆ ಎಂದು ಮೂರ್ನಾಲ್ಕು ಜನ ಬರೆದರು. ಅವನ್ನು ಓದುತ್ತ ಸಾಬಮ್ಮನ ರೊಟ್ಟಿ ಮುರಿದು ತಿಂದೆ. ಮೂರು ದಿನವೂ ಅದನ್ನೇ ತಿಂದೆ.

ಮರಳಿ ಶಾಲೆಗೆ ಬಂದ ದಿನ ಹೆಡ್ ಮಾಸ್ತರರು ಕರೆದರು. ಒಳ್ಳೆಯ ಮನುಷ್ಯ, ಕುತೂಹಲಕ್ಕೆ ಕೇಳಿದರು.

"ಮೇಡಂ, ನಿಮ್ಮ ರಜಾ ನೀವು ಕೇಳಿದ ದಿನಾನೇ ಮಂಜೂರ್ ಮಾಡಿದ್ನಲ್ಲ? ಗುರುವಾರ ಸಾಬಮ್ಮ ಬಂದು ಕೈ ಮುಗದು ನಿಂತ್ಳು. 'ಅಕ್ಕೋರಿಗೆ ರಜಾ ಕೊಡ್ರಿ ಸರ್, ನಾ ಹೋಗಲ್ಲ, ನನ್ನ ಸಲುವಾಗಿ ಅವರ ಆಸೆ ಕೆಡಸಬ್ಯಾಡ್ರಿ' ಅಂದ್ಳು. ಕೊಟ್ಟೀನಲ್ಲವಾ ಅಂತ ಅಂದೆ. ಹಂಗೇ ತಿರುಗಿ ಹೋದ್ಳು. ಏನಾಗಿತ್ತು?"

"ಏನೋ ತಪ್ಪು ತಿಳುವಳಿಕೆ ಸರ್," ಎಂದೆ. ಅದು ಎಷ್ಟನೆಯ ಸುಳ್ಳೋ.

ಸಾಬಮ್ಮ ಜಗಳವಾಡಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ನನ್ನ ತಟ್ಟೆಗೆ ಮೊದಲಿನಷ್ಟೇ ಬಡಿಸಿದರು. ಆದರೆ ನನ್ನನ್ನು 'ಮೇಡಂ' ಎಂದು ಕರೆಯತೊಡಗಿದರು. ಪಾತ್ರೆ ತೊಳೆದಾದ ಮೇಲೆ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟು ನೇರ ಮನೆಗೆ ಹೋಗುತ್ತಿದ್ದರು. ಹೊಸ ಬೂಟನ್ನು ದಿನವೂ ಹಾಕಿಕೊಂಡು, ಅದರ ಮೇಲೆ ಗಂಜಿ, ಬೂದಿ, ನೀರು ಏನು ಚೆಲ್ಲಿದರೂ ಲೆಕ್ಕಿಸದೆ ಕೆಲಸ ಮಾಡಿದರು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಡುಗೆ ಕೋಣೆಯ ಬಾಗಿಲಿಗೆ ಹೋಗಿ, ಉಪ್ಪು ಸರಿಯಾಗಿದೆಯೇ ಎಂದು ವಿಚಾರಿಸಿ ಹಿಂದೆ ಬಂದಿದ್ದೇನೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ನನಗೆ ಚಿಂಚೋಳಿ ತಾಲ್ಲೂಕಿನ ಸುಲೇಪೇಟಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಸಣ್ಣ ಮನೆ, ಅಂಗಳಕ್ಕೆ ನುಣ್ಣನೆಯ ಫರಸಿ, ಒಳಗೆ ಬುದ್ಧನ ಪಟ. "ಬರ್ರಿ ಮೇಡಂ, ಕುಂದ್ರಿ," ಎಂದು ಚಾಪೆ ಹಾಸಿದರು. ಛಾ ತಂದುಕೊಟ್ಟು ಎದುರಿಗೆ ಕೂತರು.

ನಾನು ಎಲ್ಲವನ್ನೂ ಹೇಳಿದೆ. ಸ್ಟಾಫ್ ರೂಮಿನಲ್ಲಿ ಆಡಿದ ಮಾತನ್ನೂ ಮುಚ್ಚಿಡಲಿಲ್ಲ. ಅವರು ನೆಲ ನೋಡುತ್ತ ಕೇಳಿಸಿಕೊಂಡು, ಆಮೇಲೆ ಹೇಳಿದರು.

"ಒಬ್ಬಾಕೀನೇ ಹೋಗಬೇಕಂತ ಮಾಡೀನಿ ಅಂತ ಅಂದಿದ್ರ, ಹೋಗಿ ಬರ್ರಿ ಅಂತಿದ್ನಿ. ಅದರಾಗ ಏನದ? ಸುಳ್ಳು ಹೇಳಿದ್ದಕ್ಕೂ ನನಗ ಸಿಟ್ಟಿಲ್ಲ. ಮಂದಿ ಹೇಳ್ತಾರ, ನಾನೂ ಹೇಳೀನಿ." ಸೆರಗಿನಿಂದ ಕೈ ಒರೆಸಿಕೊಂಡರು. "ಖಣ್ಯಾಗ ಕೆಲಸ ಮಾಡಸೋ ಮುಕಾದಮ ಬೈದಾಗೂ ನಾ ಯಾರ ಮುಂದೂ ಕೈ ಮುಗದಾಕಿ ಅಲ್ಲ. ಹೆಡ್ ಸರ್ ಮುಂದ ಮುಗದ್ನಿ. ನಿಮಗಾಗಿ ಮುಗದ್ನಿ. ಅದೊಂದು ಮರೀಲಾಕ ಆಗವಲ್ದು ನೋಡ್ರಿ."

ಬರುವ ಡಿಸೆಂಬರಿನಲ್ಲಿ ಇಬ್ಬರೂ ಕೂಡಿ ಹೋಗೋಣ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಕಷ್ಟಪಟ್ಟು ಹೇಳಿದೆ.

"ಬ್ಯಾಡ್ರಿ," ಎಂದರು. ದನಿಯಲ್ಲಿ ಒರಟುತನವಿರಲಿಲ್ಲ. "ನೀವು ನೋಡಿ ಬಂದೀರಿ. ನಾ ಹೋಗ್ತೀನಿ, ನನ್ನ ಮಂದಿ ಕೂಡ. ಛಾ ಆರ್ತದ, ಕುಡೀರಿ."

ಅವರನ್ನು ನಾನು ನೋಡಿದ್ದು ಅದೇ ಕೊನೆ. ಕಳೆದ ಚಳಿಗಾಲ ಹಳೆಯ ಶಾಲೆಯ ಶಿಕ್ಷಕಿಯೊಬ್ಬರು ಕಲಬುರಗಿಯ ತರಬೇತಿಯಲ್ಲಿ ಸಿಕ್ಕಾಗ ಸುದ್ದಿ ಹೇಳಿದರು. ಗಣಿಯಲ್ಲಿ ಜೊತೆಗೆ ದುಡಿದ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಸಾಬಮ್ಮ ಗಂಡಿಕೋಟೆಗೆ ಹೋಗಿ ಬಂದರಂತೆ. ಜನರಲ್ ಬೋಗಿಯಲ್ಲಿ ಹೋಗಿ, ಕೋಟೆಯ ಹತ್ತಿರ ಯಾರದೋ ಮನೆಯ ಪಡಸಾಲೆಯಲ್ಲಿ ಎರಡು ದಿನ ಇದ್ದು, ನದಿಯವರೆಗೂ ಇಳಿದು ನೀರು ಮುಟ್ಟಿ ಬಂದರಂತೆ. ನಾನು ಅಂಚಿನಿಂದಲೇ ನೋಡಿ ಹಿಂದೆ ಬಂದಿದ್ದೆ. ಇಳಿದಿರಲಿಲ್ಲ.

ಅವರಿಗೆ ಹೇಗನಿಸಿತು, ಆ ಕಲ್ಲನ್ನು ಕಂಡು ಏನೆಂದರು ಎಂದು ಕೇಳುವ ಆಸೆ ತಡೆಯಲಾರದಷ್ಟಿತ್ತು. ಸುಲೇಪೇಟದ ಬಸ್ಸಿನಲ್ಲಿ ಕೂತು ಅವರ ನಂಬರು ತೆಗೆದೆ. ಕರೆ ಮಾಡಿದರೆ ಅವರು ಎತ್ತುತ್ತಾರೆ. ಎತ್ತಿ, ನಡುವೆ ಏನೂ ನಡೆದೇ ಇಲ್ಲವೆಂಬಂತೆ ಎಲ್ಲವನ್ನೂ ಹೇಳುತ್ತಾರೆ. ಅಷ್ಟು ದೊಡ್ಡ ಮನಸ್ಸು ಅವರದು ಎಂದು ನನಗೆ ಗೊತ್ತಿತ್ತು.

ಅದಕ್ಕೇ ಕರೆ ಮಾಡಲಿಲ್ಲ.